ಪ್ರೋಟೀನು ರಂಧ್ರಗಳೂ ಆನುವಂಶಿಕ ಲಿಪಿಯ ವಾಚನವೂ

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭಾ ನದಿಯು ಕುದುರೆಯ ಲಾಳದ ಆಕಾರದ ಮರಳುಗಲ್ಲಿನ ಅಂಚಿನಿಂದ ಸುಮಾರು ೫೨ ಮೀಟರು ಕೆಳಕ್ಕೆ ಧುಮುಕುತ್ತದೆ. ಈ ಧಬಧಬೆಯ ಬಲವನ್ನು ದುಡಿಸಿಕೊಳ್ಳುವುದಕ್ಕಾಗಿ ೧೮೮೦ರ ದಶಕದಲ್ಲಿ ಅದರ ಮಗ್ಗುಲಲ್ಲಿಯೇ ನೂಲಿನ ಗಿರಣಿಯೊಂದು ಕಟ್ಟಲ್ಪಟ್ಟಿತು. ಮೇಲಿನ ನೀರನ್ನು ಕೊಳವೆಗಳಲ್ಲಿ ಇಳಿಸಿ, ಅದರ ರಭಸದಿಂದ ಚಕ್ರಗಳನ್ನು ತಿರುಗಿಸಿ, ಹತ್ತಿಯನ್ನು ನೂಲಾಗಿಸುವ ಏರ್ಪಾಡು ಅದು. ಮೇಲಿನಿಂದ ಕೆಳಕ್ಕೆ ಹರಿಯುವ ಪ್ರವಾಹ, ಇಕ್ಕಟ್ಟಾದ ಕೊಳವೆ, ಒಂದೇ ಸಮನೆ ಸಾಗುವ ಎಳೆ — ಈ ಮೂರನ್ನೂ ಕಂಡು ಬಲ್ಲವರಿಗೆ ನಾವು ಇಲ್ಲಿ ವಿವರಿಸಹೊರಟಿರುವ ಉಪಕರಣದ ತತ್ತ್ವವು ತೀರ ಅಪರಿಚಿತವೆನಿಸದು.

ನೂಲಿನ ದಪ್ಪ ಎಲ್ಲೆಡೆಯೂ ಒಂದೇ ಆಗಿದೆಯೆ ಎಂದು ಪರೀಕ್ಷಿಸುವ ಯಂತ್ರವೊಂದುಂಟು. ಸ್ವಿಟ್ಜರ್ಲೆಂಡಿನ ಉಸ್ಟರ್ ಪಟ್ಟಣದಲ್ಲಿ ೧೯೪೦ರ ದಶಕದ ಕೊನೆಗೆ ಸಿದ್ಧವಾದ ಈ ಯಂತ್ರವು ಆ ಊರಿನ ಹೆಸರಿನಿಂದಲೇ ಜಗತ್ತಿನ ಗಿರಣಿಗಳಲ್ಲಿ ಪ್ರಸಿದ್ಧವಾಯಿತು. ಇದರಲ್ಲಿ ನೂಲು ಎರಡು ಲೋಹಫಲಕಗಳ ನಡುವಣ ಸಣ್ಣ ಸಂದಿಯಲ್ಲಿ ಹಾಯುವುದು. ದಪ್ಪನಾದ ಭಾಗ ಬಂದಾಗ ಫಲಕಗಳ ವಿದ್ಯುದ್ಧಾರಣಶಕ್ತಿ ಹೆಚ್ಚುವುದು; ತೆಳುವಾದ ಭಾಗ ಬಂದಾಗ ಕುಗ್ಗುವುದು. ಆ ಏರಿಳಿತವನ್ನು ಲೇಖನಿಯು ಕಾಗದದ ಮೇಲೆ ಗೆರೆಯಾಗಿ ಬರೆಯುವುದು. ಗೆರೆಯನ್ನು ಓದಿದರೆ ಎಳೆಯನ್ನು ಓದಿದಂತೆಯೇ. ಡಿ.ಎನ್.ಎ. ಮತ್ತು ಆರ್.ಎನ್.ಎ.ಗಳನ್ನು ಓದುವ ನ್ಯಾನೊರಂಧ್ರವೂ ಹೆಚ್ಚುಕಡಮೆ ಇದೇ ಬಗೆಯ ಸಾಧನ. (ಅಣುರಂಧ್ರವೆಂದು ಕರೆಯಬಹುದಿತ್ತು, ಆದರೆ ರೂಢಿಗೆ ಬಂದಿರುವ ಅರೆಗನ್ನಡ ಪದವನ್ನೇ ಉಳಿಸಿಕೊಂಡಿದ್ದೇವೆ.)

ಡಿ.ಎನ್.ಎ. ಎಂಬುದು ನಾಲ್ಕು ಬಗೆಯ ಘಟಕಗಳನ್ನು ಸಾಲಾಗಿ ಪೋಣಿಸಿದ ಎಳೆ. ಅಡಿನೀನ್, ಗ್ವಾನೀನ್, ಸೈಟೊಸೀನ್, ಥೈಮೀನ್ ಎಂಬ ಇವುಗಳನ್ನು ಅಕ್ಷರಗಳೆನ್ನುವುದು ವಾಡಿಕೆ. ಆರ್.ಎನ್.ಎ.ಯಲ್ಲಿ ಥೈಮೀನಿನ ಸ್ಥಾನದಲ್ಲಿ ಯುರಾಸಿಲ್ ಇರುವುದು. ಉಪ್ಪಿನ ದ್ರಾವಣ ತುಂಬಿದ ಒಂದು ಪಾತ್ರೆಯನ್ನು ಅತಿ ತೆಳುವಾದ ಪೊರೆಯಿಂದ ಎರಡು ಕೋಣೆಗಳಾಗಿ ವಿಭಾಗಿಸಿ, ಆ ಪೊರೆಯಲ್ಲಿ ಒಂದೇ ಒಂದು ಪ್ರೋಟೀನು ರಂಧ್ರವನ್ನು ಕೂರಿಸಿ, ಎರಡು ಕಡೆಗೂ ವಿದ್ಯುದಗ್ರಗಳನ್ನು ಇಳಿಬಿಟ್ಟರೆ ರಂಧ್ರದ ಮೂಲಕ ಅಯಾನುಗಳು ಹರಿಯತೊಡಗುತ್ತವೆ. ಪ್ರಯೋಗಿಸುವ ವಿಭವವು ಸುಮಾರು ೧೫೦ ಮಿಲಿವೋಲ್ಟು, ಎಂದರೆ ಕೈದೀಪದ ಒಂದು ಸೆಲ್ಲಿನ ಹತ್ತನೆಯ ಒಂದು ಪಾಲು. ಇದು ಅಲ್ಪವೆಂದು ತೋರಬಹುದು. ಆದರೆ ಪೊರೆಯ ದಪ್ಪ ಸುಮಾರು ೫ ನ್ಯಾನೊಮೀಟರು ಮಾತ್ರವಾದುದರಿಂದ, ಇಳಿಜಾರಿನ ಲೆಕ್ಕದಲ್ಲಿ ಇದು ಮೀಟರಿಗೆ ಮೂರು ಕೋಟಿ ವೋಲ್ಟಿನಷ್ಟಾಗುವುದು. ಋಣವಿದ್ಯುತ್ತನ್ನು ಹೊತ್ತ ಡಿ.ಎನ್.ಎ. ಎಳೆಯು ಈ ಕಡಿದಾದ ಇಳಿಜಾರಿನ ಅಂಚಿಗೆ ಬಂದೊಡನೆ ಧನಾಗ್ರದ ಕಡೆಗೆ ಸೆಳೆಯಲ್ಪಟ್ಟು ರಂಧ್ರವನ್ನು ಹೊಗುತ್ತದೆ. ಎಳೆಯು ಒಳಗಿರುವಷ್ಟು ಹೊತ್ತು ಅಯಾನುಗಳ ದಾರಿ ಕಿರಿದಾಗಿ ಪ್ರವಾಹ ತಗ್ಗುವುದು. ರಂಧ್ರದ ಕಂಠದಲ್ಲಿ ಯಾವ ಅಕ್ಷರಗಳಿವೆಯೋ ಅದಕ್ಕೆ ತಕ್ಕಂತೆ ತಗ್ಗಿನ ಪ್ರಮಾಣವೂ ಬೇರೆಯಾಗುವುದು. ಈ ಏರಿಳಿತದಿಂದ ಅಕ್ಷರಗಳ ಸಾಲನ್ನು ಕಂಡುಹಿಡಿಯುವುದೇ ನ್ಯಾನೊರಂಧ್ರ ವಾಚನ.

ಇತರ ಹಲವು ವಿಧಾನಗಳಲ್ಲಿ ಎಳೆಯನ್ನು ಕೆಲವು ನೂರು ಅಕ್ಷರಗಳ ತುಣುಕುಗಳಾಗಿ ಕತ್ತರಿಸಿ ಓದಬೇಕಾದರೆ, ಇಲ್ಲಿ ಲಕ್ಷಕ್ಕೂ ಮಿಕ್ಕ ಅಕ್ಷರಗಳ ಎಳೆಯನ್ನು ಒಂದೇ ಉಸಿರಿನಲ್ಲಿ ಓದಬಹುದು. ಮಾನವನ ಜೀನೋಮಿನಲ್ಲಿ ಬಹುಕಾಲ ಖಾಲಿ ಉಳಿದಿದ್ದ ಭಾಗಗಳನ್ನು ತುಂಬಿ ೨೦೨೨ರಲ್ಲಿ ಪ್ರಕಟಿಸಿದ ಪೂರ್ಣ ಪಾಠಕ್ಕೆ ಇಂಥ ದೀರ್ಘ ವಾಚನಗಳೂ ಆಧಾರವಾದುವು. ಮೇಲಾಗಿ ಉಪಕರಣವು ಅಂಗೈಯಗಲದ್ದು. ನೂರು ಗ್ರಾಮಿನ ಒಳಗಿನ ತೂಕದ್ದು. ಒಂದು ಸಾಮಾನ್ಯ ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದರೆ ಸಾಕು. ರಾಜಧಾನಿಯಿಂದ ಸುಮಾರು ಐನೂರು ಕಿಲೋಮೀಟರು ದೂರದಲ್ಲಿರುವ ಗೋಕಾಕ, ಹುಕ್ಕೇರಿ, ಮೂಡಲಗಿಗಳಂಥ ತಾಲ್ಲೂಕುಗಳ ಮಟ್ಟಿಗೆ ಈ ಕೊನೆಯ ಗುಣವೇ ಮೊದಲನೆಯದೆನ್ನಬೇಕು. ಆದರೆ ಸಣ್ಣ ಉಪಕರಣವು ತಪ್ಪು ಓದಿದರೆ ಅದರ ಸುಲಭತೆಯಿಂದ ಪ್ರಯೋಜನವೇನು? ೨೦೧೪ರಲ್ಲಿ ಇದು ಮೊದಲು ಸಂಶೋಧಕರ ಕೈಸೇರಿದಾಗ ನೂರು ಅಕ್ಷರಗಳಲ್ಲಿ ಹತ್ತಕ್ಕೂ ಹೆಚ್ಚು ತಪ್ಪಾಗುತ್ತಿದ್ದುವು. ಇಂದು ಒಂದೇ ಸಲದ ಓದಿನಲ್ಲಿ ತಪ್ಪು ನೂರಕ್ಕೆ ಒಂದರ ಆಸುಪಾಸಿಗೆ ಇಳಿದಿದೆ. ಈ ಇಳಿಕೆ ಹೇಗಾಯಿತು, ಉಳಿದ ತಪ್ಪು ಎಲ್ಲಿ ಅಡಗಿದೆ ಎಂಬುದೇ ನಮ್ಮ ವಿಷಯ.

ತಪ್ಪಿನ ಬೆಲೆ ಏನೆಂಬುದನ್ನು ನಮ್ಮ ನಾಡಿನ ಒಂದು ನಿದರ್ಶನದಿಂದಲೇ ಅರಿಯಬಹುದು. ಕರ್ನಾಟಕದಲ್ಲಿ ಕೋವಿಡ್ ಸೋಂಕಿನ ಮೊದಲನೆಯ ಪ್ರಕರಣ ವರದಿಯಾದದ್ದು ೨೦೨೦ರ ಮಾರ್ಚ್ ೮ರಂದು. ಅಂದಿನಿಂದ ಮೇ ೨೧ರವರೆಗೆ ರಾಜ್ಯದಲ್ಲಿ ೧೫೭೮ ಪ್ರಕರಣಗಳು ದಾಖಲಾದುವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಿತ್ರಾ ಪಟ್ಟಾಭಿರಾಮನ್ ಮೊದಲಾದವರು ಇವುಗಳಲ್ಲಿ ೯೧ ಮಾದರಿಗಳ ವೈರಸ್ ಜೀನೋಮುಗಳನ್ನು ನ್ಯಾನೊರಂಧ್ರ ವಿಧಾನದಿಂದ ಓದಿ, ಸಂಪರ್ಕಿತರ ಪಟ್ಟಿಯೊಡನೆ ಹೋಲಿಸಿದರು. ವೈರಸ್ಸು ಏಳು ವಂಶಗಳಿಗೆ ಸೇರಿದ್ದೆಂದೂ, ಹದಿನೇಳು ಸಂಪರ್ಕ ಗುಂಪುಗಳ ಪೈಕಿ ಹದಿನಾಲ್ಕರಲ್ಲಿ ಒಂದೊಂದೇ ವಂಶವಿದ್ದಿತೆಂದೂ, ಹನ್ನೆರಡು ಗುಂಪುಗಳು ಒಂದೊಂದು ಜಿಲ್ಲೆಯ ಎಲ್ಲೆಯೊಳಗೇ ಉಳಿದುವೆಂದೂ ಅವರಿಗೆ ಕಂಡುಬಂದಿತು. ಸೋಂಕು ಒಂದೇ ಬಾಗಿಲಿನಿಂದಲ್ಲ, ಹಲವು ಬಾಗಿಲುಗಳಿಂದ ರಾಜ್ಯವನ್ನು ಹೊಕ್ಕಿತೆಂಬ ತೀರ್ಮಾನಕ್ಕೆ ಆಧಾರ ಇದೇ.

ಈಗ ಲೆಕ್ಕ ಹಾಕಿ ನೋಡೋಣ. ಈ ವೈರಸ್ಸಿನ ಆರ್.ಎನ್.ಎ.ಯಲ್ಲಿ ಸುಮಾರು ೩೦,೦೦೦ ಅಕ್ಷರಗಳಿವೆ. ಅದು ತಿಂಗಳಿಗೆ ಎರಡು ಅಕ್ಷರಗಳಷ್ಟು ಬದಲಾಗುತ್ತ ಸಾಗುವುದು. ಆದ್ದರಿಂದ ಒಬ್ಬ ರೋಗಿಯ ವೈರಸ್ಸಿಗೂ ಇನ್ನೊಬ್ಬನ ವೈರಸ್ಸಿಗೂ ಇರುವ ಅಂತರ ಎಷ್ಟೋ ವೇಳೆ ಎರಡು ಮೂರು ಅಕ್ಷರಗಳು ಮಾತ್ರ. ನೂರಕ್ಕೆ ಐದು ತಪ್ಪು ಮಾಡುವ ಉಪಕರಣವು ಒಮ್ಮೆ ಓದಿದರೆ ಒಂದು ಜೀನೋಮಿನಲ್ಲಿ ೧,೫೦೦ ತಪ್ಪುಗಳಾಗುವುವು. ಸಾವಿರದೈನೂರು ಸುಳ್ಳುಗಳ ನಡುವೆ ಎರಡು ನಿಜಗಳನ್ನು ಆರಿಸುವುದು ಹೇಗೆ? ಪುನರಾವೃತ್ತಿಯಿಂದ. ಒಂದೊಂದು ಸ್ಥಾನವನ್ನೂ ಇಪ್ಪತ್ತು ಬೇರೆ ಬೇರೆ ಎಳೆಗಳಲ್ಲಿ ಓದಿ ಬಹುಮತವನ್ನು ಹಿಡಿದರೆ, ಇಪ್ಪತ್ತರಲ್ಲಿ ಹತ್ತು ಅಥವಾ ಹೆಚ್ಚು ಓದುಗಳು ತಪ್ಪಾಗುವ ಸಂಭವವು ಸುಮಾರು ಹತ್ತು ಕೋಟಿಗೆ ಒಂದರಷ್ಟಕ್ಕೆ ಕುಸಿಯುವುದು. ಈ ಕ್ಷೇತ್ರದಲ್ಲಿ ಇಪ್ಪತ್ತಕ್ಕಿಂತ ಕಡಮೆ ಸಲ ಓದಲ್ಪಟ್ಟ ಸ್ಥಾನವನ್ನು ಖಾಲಿ ಬಿಡುವ ರೂಢಿ ಬೆಳೆದದ್ದು ಸುಮ್ಮನೆ ಅಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ: ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಎಲ್ಲೆಂದರಲ್ಲಿ ಆಗುತ್ತಿರಬೇಕು. ಹತ್ತಿಯ ಪೇಟೆಯಲ್ಲಿ ತೂಗುವವನ ಕೈ ನಡುಗಿದರೆ ಹತ್ತು ಸಲ ತೂಗಿ ಸರಾಸರಿ ಹಿಡಿಯಬಹುದು. ತಕ್ಕಡಿಯೇ ವಾಲಿದ್ದರೆ ನೂರು ಸಲ ತೂಗಿದರೂ ಅದೇ ತಪ್ಪು ತೂಕ. ಮೊದಲನೆಯದನ್ನು ಯಾದೃಚ್ಛಿಕ ದೋಷವೆಂದೂ ಎರಡನೆಯದನ್ನು ನಿಯತ ದೋಷವೆಂದೂ ಕರೆಯೋಣ. ನಿಯತ ದೋಷಕ್ಕೆ ಪುನರಾವೃತ್ತಿಯು ಮದ್ದಲ್ಲ. ಗಣಿತದಿಂದ ಅದನ್ನು ಸ್ವಲ್ಪ ಮಟ್ಟಿಗೆ ಮರೆಸಬಹುದಾದರೂ, ಬೇರು ಸಹಿತ ತೆಗೆಯಬೇಕಾದರೆ ತಕ್ಕಡಿಯನ್ನೇ, ಎಂದರೆ ಪ್ರೋಟೀನಿನ ರೂಪವನ್ನೇ ತಿದ್ದಬೇಕು.

ಇನ್ನು ಆ ಪ್ರೋಟೀನುಗಳ ಕಡೆಗೆ ತಿರುಗೋಣ. ಎಳೆಯೊಂದನ್ನು ರಂಧ್ರದಲ್ಲಿ ಹಾಯಿಸಿ ಓದಬಹುದೆಂಬ ಕಲ್ಪನೆಯನ್ನು ಅಮೆರಿಕದ ಡೇವಿಡ್ ಡೀಮರ್ ೧೯೮೯ರಲ್ಲಿಯೇ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿದ್ದರು. ೧೯೯೬ರಲ್ಲಿ ಕಾಸಿಯಾನೋವಿಚ್, ಬ್ರ್ಯಾಂಡಿನ್, ಬ್ರ್ಯಾಂಟನ್ ಮತ್ತು ಡೀಮರ್ ಆಲ್ಫಾ-ಹೀಮೊಲೈಸಿನ್ ಎಂಬ ಪ್ರೋಟೀನಿನ ರಂಧ್ರದಲ್ಲಿ ಇಂಥ ಎಳೆಗಳು ಹಾಯುವುದನ್ನು ತೋರಿಸಿದರು. ಆಲ್ಫಾ-ಹೀಮೊಲೈಸಿನ್ ಎಂಬುದು ಹುಣ್ಣು ಕೀವುಗಳಿಗೆ ಕಾರಣವಾಗುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯದ ವಿಷ. ಅದರ ಏಳು ಘಟಕಗಳು ಕೂಡಿ ಅಣಬೆಯಾಕಾರದ ಕೊಳವೆಯಾಗಿ ನಮ್ಮ ಜೀವಕೋಶಗಳ ಪೊರೆಯನ್ನು ಕೊರೆಯುವುವು. ಕೋಶವನ್ನು ಕೊಲ್ಲುವ ಆಯುಧವೇ ಅದರ ಲಿಪಿಯನ್ನು ಓದುವ ಸಾಧನವಾದದ್ದು ಕೌತುಕದ ಸಂಗತಿ.

ಎಳೆಯೇನೋ ಹಾಯಿತು, ಓದಲಾಗಲಿಲ್ಲ. ಕಾರಣ ಎರಡು. ಒಂದು, ವೇಗ. ತೆರೆದ ರಂಧ್ರದಲ್ಲಿ ಹರಿಯುವ ಪ್ರವಾಹ ಸುಮಾರು ನೂರು ಪಿಕೊ ಆಂಪಿಯರು, ಎಂದರೆ ಆಂಪಿಯರಿನ ಲಕ್ಷ ಕೋಟಿಯ ಭಾಗಗಳಲ್ಲಿ ನೂರು. ಸೆಕೆಂಡಿಗೆ ಅರವತ್ತು ಕೋಟಿ ಅಯಾನುಗಳಾದುವು. ಎಳೆಯು ಒಳಗಿರುವಾಗ ಇದರ ಹತ್ತನೆಯ ಒಂದು ಪಾಲು ಮಾತ್ರ ನುಸುಳುವುದೆನ್ನೋಣ. ತಡೆಯಿಲ್ಲದೆ ಓಡುವ ಎಳೆಯಲ್ಲಿ ಒಂದು ಅಕ್ಷರವು ಕಂಠದಲ್ಲಿರುವುದು ಸೆಕೆಂಡಿನ ಹತ್ತು ಲಕ್ಷದ ಒಂದೆರಡು ಭಾಗ. ಅಷ್ಟರಲ್ಲಿ ಹಾಯುವ ಅಯಾನುಗಳು ಅರವತ್ತೋ ನೂರೋ. ಅವುಗಳ ಎಣಿಕೆಯಲ್ಲಿ ಎಂಟು ಹತ್ತರ ಏರುಪೇರು ಸ್ವಭಾವಸಿದ್ಧವೇ ಆಗಿರುವಾಗ, ಅಕ್ಷರ ಅಕ್ಷರಗಳಿಗೆ ಇರುವ ಅಲ್ಪ ಭೇದವನ್ನು ಯಾವ ಮಾಪಕವೂ ಕಾಣಲಾರದು. ಆದುದರಿಂದ ಎಳೆಗೆ ಕಡಿವಾಣ ಬೇಕಾಯಿತು. ಡಿ.ಎನ್.ಎ.ಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಯುವ ಕಿಣ್ವವೊಂದನ್ನು ರಂಧ್ರದ ಬಾಯಲ್ಲಿ ಕಾವಲಿಟ್ಟರೆ ಅದು ಎಳೆಯನ್ನು ಒಂದೊಂದೇ ಅಕ್ಷರವಾಗಿ ಒಳಬಿಡುವುದು. ಫೈ-೨೯ ಎಂಬ ವೈರಸ್ಸಿನ ಪಾಲಿಮರೇಸ್ ಕಿಣ್ವದಿಂದ ಇದು ಸಾಧ್ಯವೆಂಬುದು ೨೦೧೨ರ ಹೊತ್ತಿಗೆ ಸ್ಥಿರಪಟ್ಟಿತು. ಇಂದಿನ ಉಪಕರಣಗಳಲ್ಲಿ ವೇಗ ಸೆಕೆಂಡಿಗೆ ಸುಮಾರು ೪೦೦ ಅಕ್ಷರ. ಮೇಲಿನ ಲೆಕ್ಕದಂತೆಯೇ ಒಂದೊಂದು ಅಕ್ಷರದ ಪಾಲಿಗೆ ಒಂದೂವರೆ ಲಕ್ಷ ಅಯಾನುಗಳು ದೊರೆಯುವುವು.

ಎರಡನೆಯ ಕಾರಣ ಕಂಠದ ಉದ್ದ. ಆಲ್ಫಾ-ಹೀಮೊಲೈಸಿನ್ ರಂಧ್ರದ ಕೊಳವೆಯ ಭಾಗವು ಸುಮಾರು ೫ ನ್ಯಾನೊಮೀಟರು ಉದ್ದವಾಗಿದ್ದು, ಹತ್ತು ಹನ್ನೆರಡು ಅಕ್ಷರಗಳು ಒಟ್ಟಿಗೆ ಅದರಲ್ಲಿದ್ದು ಪ್ರವಾಹವನ್ನು ಕಲಸುಮೇಲೋಗರ ಮಾಡುತ್ತಿದ್ದುವು. ಇದಕ್ಕೆ ಬದಲಾಗಿ ಮೈಕೊಬ್ಯಾಕ್ಟೀರಿಯಮ್ ಸ್ಮೆಗ್ಮ್ಯಾಟಿಸ್ ಎಂಬ ಬ್ಯಾಕ್ಟೀರಿಯದ ಎಂ.ಎಸ್.ಪಿ.ಎ. ಪ್ರೋಟೀನು ಸಂಶೋಧಕರ ಗಮನವನ್ನು ಸೆಳೆಯಿತು. ಎಂಟು ಘಟಕಗಳ ಈ ರಂಧ್ರವು ಆಲಿಕೆಯಂತೆ ಕಿರಿದಾಗುತ್ತ ಬಂದು ತುದಿಯಲ್ಲಿ ೧.೨ ನ್ಯಾನೊಮೀಟರು ಅಗಲದ ಗಿಡ್ಡ ಕಂಠವಾಗುವುದು. ತೊಂದರೆಯೆಂದರೆ ಆ ಕಂಠದಲ್ಲಿ ಋಣವಿದ್ಯುತ್ತಿನ ಆಸ್ಪಾರ್ಟಿಕ್ ಆಮ್ಲಗಳು ಘಟಕಕ್ಕೆ ಮೂರರಂತೆ ಇಪ್ಪತ್ತನಾಲ್ಕು ನೆರೆದು, ಋಣವಿದ್ಯುತ್ತಿನದೇ ಆದ ಡಿ.ಎನ್.ಎ.ಯನ್ನು ಹತ್ತಿರ ಬರಗೊಡುತ್ತಿರಲಿಲ್ಲ. ೨೦೦೮ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಗುಂಡ್‌ಲಾಕ್ ಅವರ ತಂಡವು, ಈ ಪ್ರೋಟೀನಿನ ತಜ್ಞರಾದ ನೀಡರ್‌ವೈಸ್ ಅವರೊಡನೆ ಸೇರಿ, ಜೀನಿನಲ್ಲಿಯೇ ಮಾರ್ಪಾಡು ಮಾಡಿ ಆ ಸ್ಥಾನಗಳಲ್ಲಿ ವಿದ್ಯುತ್ತಿಲ್ಲದ ಆಸ್ಪರಜೀನನ್ನು ಇರಿಸಿತು. ಎಳೆಯು ಸರಾಗವಾಗಿ ಹಾಯಿತು. ರಂಧ್ರವನ್ನು ಬ್ಯಾಕ್ಟೀರಿಯದಿಂದ ಎರವಲು ತಂದು ನಮ್ಮ ಕೆಲಸಕ್ಕೆ ತಕ್ಕಂತೆ ಕಡೆದುಕೊಳ್ಳಬಹುದೆಂಬ ಧೈರ್ಯ ಬಂದದ್ದು ಇಲ್ಲಿಂದ.

ವ್ಯಾಪಾರದ ಉಪಕರಣಗಳಲ್ಲಿ ೨೦೧೬ರಿಂದ ನೆಲೆಗೊಂಡದ್ದು ಬೇರೊಂದು ಪ್ರೋಟೀನು, ಇ. ಕೋಲಿ ಬ್ಯಾಕ್ಟೀರಿಯದ ಸಿ.ಎಸ್.ಜಿ.ಜಿ. ಇದರ ಹುಟ್ಟುಕಸಬು ಗಿರಣಿಯ ನೆರೆಯವರಿಗೆ ಸ್ವಾರಸ್ಯವೆನಿಸಬಹುದು. ಇ. ಕೋಲಿಯು ತನ್ನ ಮೈಮೇಲೆ ಕರ್ಲಿ ಎಂಬ ಅಂಟು ನಾರುಗಳನ್ನು ಬೆಳೆಸಿಕೊಂಡು ಮೇಲ್ಮೈಗಳಿಗೆ ಕಚ್ಚಿಕೊಳ್ಳುವುದು. ಆ ನಾರಿನ ಕಚ್ಚಾ ಘಟಕಗಳು ಕೋಶದ ಹೊರಪೊರೆಯನ್ನು ದಾಟಿ ಹೊರಬೀಳುವ ಬಾಗಿಲೇ ಸಿ.ಎಸ್.ಜಿ.ಜಿ. ಎಳೆ ಹಾಯಿಸುವುದು ಅದಕ್ಕೆ ಹೊಸದಲ್ಲವೆಂದು ಹೇಳಬಹುದು. ಒಂಬತ್ತು ಘಟಕಗಳ ಈ ರಂಧ್ರದ ಕಂಠವು ಸುಮಾರು ಒಂದು ನ್ಯಾನೊಮೀಟರು ಅಗಲ. ಪ್ರವಾಹವನ್ನು ನಿರ್ಣಯಿಸುವವು ಅಲ್ಲಿರುವ ಐದಾರು ಅಕ್ಷರಗಳು.

ನಿಯತ ದೋಷವು ತಲೆದೋರಿದ್ದು ಇಲ್ಲಿಯೇ. ಒಂದೇ ಅಕ್ಷರವು ಸಾಲಾಗಿ ಎಂಟು ಹತ್ತು ಸಲ ಬಂದಿತೆನ್ನೋಣ. ಐದಾರು ಅಕ್ಷರಗಳ ಕಿಂಡಿಯೊಳಗೆ ಎಲ್ಲವೂ ಅಡಿನೀನೇ ಆಗಿರುವಾಗ ಎಳೆಯು ಒಂದು ಹೆಜ್ಜೆ ಮುಂದೆ ಸರಿದರೂ ಪ್ರವಾಹ ಬದಲಾಗದು. ಉಸ್ಟರ್ ಯಂತ್ರದಲ್ಲಿಯೂ ದೋಷವಿಲ್ಲದ ಸಮನಾದ ನೂಲು ಹಾಯುವಾಗ ಗೆರೆ ನೆಟ್ಟಗೆ ಹೋಗುವುದು. ಆದರೆ ಅಲ್ಲಿ ನೂಲಿನ ವೇಗ ನಿಶ್ಚಿತವಾದುದರಿಂದ ಕಾಲವನ್ನು ಅಳೆದು ಉದ್ದವನ್ನು ಹೇಳಬಹುದು. ಇಲ್ಲಿಯ ಕಿಣ್ವವು ಒಂದು ಹೆಜ್ಜೆಯನ್ನು ಬೇಗನೆ ಇಟ್ಟು ಮತ್ತೊಂದಕ್ಕೆ ತಡೆಯುವ ಜಾತಿಯದು. ಆದ್ದರಿಂದ ಒಂಬತ್ತು ಅಡಿನೀನುಗಳು ಎಂಟಾಗಿ, ಏಳಾಗಿ ಎಣಿಕೆಗೆ ಬರುವುವು. ಅದೂ ಒಮ್ಮೆ ಹೆಚ್ಚು ಒಮ್ಮೆ ಕಡಮೆಯಾಗಿ ಅಲ್ಲ. ಬಹುತೇಕ ಕಡಮೆಯ ಕಡೆಗೇ ವಾಲಿಕೊಂಡು.

ಒಂದು ಅಕ್ಷರ ಕಳೆದರೆ ಏನಾಯಿತು ಎನ್ನಬಾರದು. ಜೀನಿನ ಭಾಷೆಯಲ್ಲಿ ಪದಗಳೆಲ್ಲವೂ ಮೂರಕ್ಷರದವು. ಪದಗಳ ನಡುವೆ ತೆರವಿಲ್ಲ. ‘ಮಗುವು ನಗುತ ಬಳಿಗೆ ಬರಲಿ’ ಎಂಬ ಮೂರಕ್ಷರದ ಪದಗಳ ಸಾಲಿನಲ್ಲಿ ಮೂರನೆಯ ಅಕ್ಷರವೊಂದನ್ನು ತೆಗೆದು, ಮತ್ತೆ ಮೂರು ಮೂರಾಗಿ ಓದಿದರೆ ‘ಮಗುನ ಗುತಬ ಳಿಗೆಬ ರಲಿ’ ಆಗುವುದು. ಒಂದು ಅಕ್ಷರ ಬದಲಾದರೆ ಒಂದು ಪದ ಕೆಡುವುದು. ಒಂದು ಅಕ್ಷರ ಬಿಟ್ಟುಹೋದರೆ ಅಲ್ಲಿಂದ ಮುಂದಿನ ವಾಕ್ಯವೇ ಕೆಡುವುದು. ರೋಗಿಯ ಜೀನಿನಲ್ಲಿ ಇಂಥ ಲೋಪವು ನಿಜವಾಗಿಯೂ ಇದೆಯೋ ಅಥವಾ ರಂಧ್ರವು ಎಣಿಕೆ ತಪ್ಪಿತೋ ಎಂಬುದು ತಿಳಿಯದೆ ವೈದ್ಯನು ಮುಂದಿನ ಹೆಜ್ಜೆಯನ್ನು ಇಡಲಾರ.

ಪರಿಹಾರವು ಇ. ಕೋಲಿಯ ನಾರಿನ ಕಾರ್ಖಾನೆಯಲ್ಲಿಯೇ ದೊರೆಯಿತು. ಅಲ್ಲಿ ಸಿ.ಎಸ್.ಜಿ.ಜಿ.ಗೆ ಸಿ.ಎಸ್.ಜಿ.ಎಫ್. ಎಂಬ ಜೊತೆಗಾರ ಪ್ರೋಟೀನುಂಟು. ಬ್ರಸೆಲ್ಸ್ ನಗರದ ಸಂಶೋಧಕರೂ ಆಕ್ಸ್‌ಫರ್ಡ್ ನ್ಯಾನೊಪೋರ್ ಸಂಸ್ಥೆಯವರೂ ಕೂಡಿ ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ಜೊತೆಗಾರನ ಆರಂಭದ ತುದಿಯು ರಂಧ್ರದ ಕೊಳವೆಯೊಳಗೆ ಇಳಿದು ಕುಳಿತು ಎರಡನೆಯ ಕಂಠವೊಂದನ್ನು ರಚಿಸುವುದು. ಸಂಶೋಧಕರು ೩೫ ಅಮೈನೊ ಆಮ್ಲಗಳ ಆ ತುದಿಯನ್ನು ಮಾತ್ರ ಕತ್ತರಿಸಿಕೊಂಡು ಸಿ.ಎಸ್.ಜಿ.ಜಿ.ಗೆ ಕೂಡಿಸಿದರು. ಎರಡು ಕಂಠಗಳ ನಡುವಣ ಅಂತರ ಸುಮಾರು ೨೫ ಆಂಗ್‌ಸ್ಟ್ರಾಂ, ಎಂದರೆ ಹಿಗ್ಗಿದ ಎಳೆಯಲ್ಲಿ ನಾಲ್ಕೈದು ಅಕ್ಷರಗಳ ದೂರ. ಒಂದು ಕಂಠವು ಅಡಿನೀನುಗಳ ಸಾಲಿನಲ್ಲಿ ಸಿಕ್ಕಿ ಕುರುಡಾಗಿರುವಾಗ ಇನ್ನೊಂದು ಕಂಠದ ಮುಂದೆ ಆ ಸಾಲಿನ ಆಚೆಯ ಅಕ್ಷರವು ಹಾಯುತ್ತಿರುವುದು. ಹೆಜ್ಜೆಯ ಗುರುತು ಅಲ್ಲಿ ಬೀಳುವುದು. ಒಂಬತ್ತು ಅಕ್ಷರಗಳವರೆಗಿನ ಏಕಾಕ್ಷರ ಸಾಲುಗಳಲ್ಲಿ ಒಂದೇ ಸಲದ ಓದಿನ ನಿಖರತೆಯು ನೂರಕ್ಕೆ ೨೫ರಿಂದ ೭೦ರವರೆಗೆ ಉತ್ತಮಗೊಂಡಿತೆಂದು ಆ ವರದಿ ತಿಳಿಸುತ್ತದೆ. ಅನಂತರದ ಉಪಕರಣಗಳು ಈ ಇಕ್ಕಂಠದ ರಂಧ್ರವನ್ನೇ ಅಳವಡಿಸಿಕೊಂಡಿವೆ.

ಇಲ್ಲಿ ನಮ್ಮ ಅಭಿಪ್ರಾಯವನ್ನು ಹೇಳುವುದಾದರೆ, ಈ ಕ್ಷೇತ್ರವು ಬಹುಕಾಲ ಒಂದು ಭ್ರಮೆಯ ಹಿಂದೆ ಓಡಿತು. ಕಿಂಡಿಯು ಗಿಡ್ಡವಾದಷ್ಟೂ ಲೇಸು, ಒಂದೇ ಅಕ್ಷರವನ್ನು ಕಾಣುವ ಕಿಂಡಿಯೇ ಆದರ್ಶ ಎಂಬುದೇ ಆ ಭ್ರಮೆ. ಹಾಗೊಂದು ಕಿಂಡಿಯಿದ್ದಿದ್ದರೆ ಎರಡು ಅಡಿನೀನುಗಳು ಒಟ್ಟಿಗೆ ಬಂದರೂ ಅದಕ್ಕೆ ಎಣಿಕೆ ತಪ್ಪುತ್ತಿತ್ತು. ಸಂಕೇತಗಳ ಕಲಬೆರಕೆಯನ್ನು ದೋಷವೆಂದೇ ಬಗೆದಿದ್ದೆವು. ಹದವಾದ ಕಲಬೆರಕೆ ಆಧಾರವಾಯಿತು. ಇದಕ್ಕೆ ಬೆಲೆ ತೆರಬೇಕಾದದ್ದೂ ಉಂಟು. ಐದು ಅಕ್ಷರಗಳ ಕಿಂಡಿಯಲ್ಲಿ ಗುರುತಿಸಬೇಕಾದ ಸಂಯೋಗಗಳು ೧,೦೨೪. ಒಂ‌ಬತ್ತರ ಕಿಂಡಿಯಲ್ಲಿ ೨,೬೨,೧೪೪. ಇಷ್ಟನ್ನು ಪ್ರವಾಹದ ಏರಿಳಿತದಿಂದ ಬಿಡಿಸಿ ಹೇಳುವ ಹೊಣೆ ಕಂಪ್ಯೂಟರಿನ ಪಾಲಿಗೆ ಬಂದಿದೆ. ಕಂಪ್ಯೂಟರಿನ ಬಲವು ಈ ಕಾಲದಲ್ಲಿಯೇ ಹೆಚ್ಚಿಲ್ಲದಿದ್ದರೆ ಎರಡನೆಯ ಕಂಠವು ವರವಾಗುತ್ತಿದ್ದಿತೋ ಶಾಪವಾಗುತ್ತಿದ್ದಿತೋ ಹೇಳಬರುವಂತಿಲ್ಲ.

ರಂಧ್ರವು ಪೊರೆಯಲ್ಲಿ ಹೇಗೆ ಕಟ್ಟಿಕೊಳ್ಳುತ್ತದೆಂಬ ಪ್ರಶ್ನೆಯೂ ಚಿಕ್ಕದಲ್ಲ. ಅರೆಬರೆ ಜೋಡಣೆಯಾದ ರಂಧ್ರ ಓದಿಗೆ ಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ, ಕೆ. ಗಣಪತಿ ಅಯ್ಯಪ್ಪ, ರಾಹುಲ್ ರಾಯ್ ಮೊದಲಾದವರು ಇ. ಕೋಲಿಯದೇ ಇನ್ನೊಂದು ವಿಷವಾದ ಸೈಟೊಲೈಸಿನ್-ಎ ಕುರಿತು ಇಂಥ ಶೋಧನೆ ನಡೆಸಿದ್ದಾರೆ. ನೀರಿನಲ್ಲಿ ಬಿಡಿಬಿಡಿಯಾಗಿರುವ ಈ ಪ್ರೋಟೀನು ಪೊರೆಯನ್ನು ಸೋಂಕಿದೊಡನೆ ರೂಪ ಬದಲಿಸಿ, ಹನ್ನೆರಡು ಘಟಕಗಳು ಕೂಡಿ ರಂಧ್ರವಾಗುವುದು. ಪೊರೆಯಲ್ಲಿರುವ ಕೊಲೆಸ್ಟರಾಲು ಇದರ ನಡುಹಂತಗಳಿಗೆ ಆಸರೆಯಾಗುವುದೆಂದು ಅವರು ೨೦೧೮ರಲ್ಲಿ ತೋರಿಸಿದರು. ಅವರ ಉದ್ದೇಶ ರೋಗದ ಮರ್ಮವನ್ನು ತಿಳಿಯುವುದೇ ಹೊರತು ಲಿಪಿ ಓದುವ ರಂಧ್ರವನ್ನು ಕಡೆಯುವುದಲ್ಲ. ಆದರೂ ಇದೇ ಸೈಟೊಲೈಸಿನ್ ರಂಧ್ರವನ್ನು ಇತರ ದೇಶಗಳಲ್ಲಿ ಪ್ರೋಟೀನುಗಳನ್ನು ಗುರುತಿಸಲು ಬಳಸುತ್ತಿರುವುದನ್ನು ನೋಡಿದರೆ ಎರಡು ದಾರಿಗಳೂ ಬಹಳ ದೂರದವಲ್ಲವೆಂದು ತೋರುತ್ತದೆ.

ಕೊನೆಗೆ ಆರ್.ಎನ್.ಎ.ಯ ವಿಚಾರ. ಕೋವಿಡ್ ವೈರಸ್ಸೂ, ಶಿವಮೊಗ್ಗ ಜಿಲ್ಲೆಯಲ್ಲಿ ೧೯೫೭ರಲ್ಲಿ ಕಂಡುಬಂದ ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್ಸೂ ಆರ್.ಎನ್.ಎ. ವೈರಸ್ಸುಗಳೇ. ಸಾಮಾನ್ಯವಾಗಿ ಆರ್.ಎನ್.ಎ.ಯನ್ನು ಮೊದಲು ಡಿ.ಎನ್.ಎ. ಆಗಿ ನಕಲು ಮಾಡಿ ಅನಂತರ ಓದುವರು. ನಿಮ್ಹಾನ್ಸ್‌ನಲ್ಲಿ ಅನುಸರಿಸಿದ್ದೂ ಇದೇ ಕ್ರಮ. ನಕಲಿನಲ್ಲಿ ಅಕ್ಷರಗಳು ಉಳಿಯುವುವು. ಆದರೆ ಕೋಶವು ಆ ಅಕ್ಷರಗಳಿಗೆ ಹಚ್ಚಿದ ಮಿಥೈಲ್ ಮೊದಲಾದ ರಾಸಾಯನಿಕ ಗುರುತುಗಳು ಅಳಿದುಹೋಗುವುವು. ಕೈಬರಹದ ಓಲೆಯನ್ನು ಅಚ್ಚು ಹಾಕಿಸಿದರೆ ಒತ್ತು ದೀರ್ಘಗಳು ಉಳಿದರೂ ಬರೆದವನ ಕೈಯ ಗುರುತು ಹೋಗುವಂತೆ. ರಂಧ್ರದಲ್ಲಿ ಆರ್.ಎನ್.ಎ.ಯನ್ನೇ ನೇರವಾಗಿ ಓದುವ ಕ್ರಮವು ೨೦೧೮ರಲ್ಲಿ ಪ್ರಕಟವಾಯಿತು, ೨೦೨೩ರಲ್ಲಿ ಆರ್.ಎನ್.ಎ.ಗೆಂದೇ ರೂಪಿಸಿದ ರಂಧ್ರವೂ ಬಂದಿತು. ಮಿಥೈಲ್ ಹೊತ್ತ ಅಡಿನೀನು ಕಂಠದಲ್ಲಿ ಹಾಯುವಾಗ ಪ್ರವಾಹವು ಸ್ವಲ್ಪ ಬೇರೆಯಾಗುವುದರಿಂದ ಅದನ್ನು ಗುರುತಿಸಬಹುದು. ಇಲ್ಲಿ ರಂಧ್ರಕ್ಕೆ ನಾಲ್ಕಲ್ಲ, ಐದಾರು ಅಕ್ಷರಗಳ ವರ್ಣಮಾಲೆ; ಗೊಂದಲಕ್ಕೂ ಅಷ್ಟೇ ಹೆಚ್ಚು ಎಡೆ.

ಏಕಾಕ್ಷರ ಸಾಲಿನ ತೊಡಕು ಆರ್.ಎನ್.ಎ.ಯಲ್ಲಿ ಇನ್ನೂ ಉಗ್ರವಾದುದು. ಸಂದೇಶವನ್ನು ಒಯ್ಯುವ ಆರ್.ಎನ್.ಎ. ಎಳೆಗಳ ಬಾಲದಲ್ಲಿ ಅಡಿನೀನುಗಳೇ ಹತ್ತಾರು, ಕೆಲವೊಮ್ಮೆ ನೂರಾರು ಒಂದರ ಹಿಂದೊಂದು ಇರುವುವು; ಕೋವಿಡ್ ವೈರಸ್ಸಿನ ಎಳೆಗೂ ಅಂಥ ಬಾಲವುಂಟು. ನೇರ ವಾಚನದಲ್ಲಿ ಎಳೆಯು ರಂಧ್ರವನ್ನು ಹೊಗುವುದೇ ಬಾಲದ ಕಡೆಯಿಂದ. ಅಷ್ಟುದ್ದದ ಸಾಲಿನಲ್ಲಿ ಎರಡನೆಯ ಕಂಠವೂ ಒಂದನೆಯದರಂತೆಯೇ ಕುರುಡು. ಬಾಲದ ಉದ್ದವು ಆರ್.ಎನ್.ಎ.ಯ ಆಯುಸ್ಸಿಗೆ ಸಂಬಂಧಪಟ್ಟುದಾದುದರಿಂದ ಅದನ್ನು ಅಳೆಯದೆ ಬಿಡುವಂತೆಯೂ ಇಲ್ಲ. ಸದ್ಯಕ್ಕೆ ಸಂಶೋಧಕರು ಪ್ರವಾಹವು ಸ್ಥಿರವಾಗಿ ನಿಂತ ಕಾಲವನ್ನು ಎಣಿಸಿ, ಅದೇ ಎಳೆಯ ಉಳಿದ ಭಾಗವು ಹಾಯ್ದ ವೇಗದಿಂದ ಗುಣಿಸಿ, ಬಾಲದ ಉದ್ದವನ್ನು ಅಂದಾಜು ಮಾಡುತ್ತಿದ್ದಾರೆ.